ಸೋಮವಾರದ ಕಾಪಿ

ಗೋಡೆಯಾಚೆಯಿಂದ ಕಾಪಿಬೀಜ ಹುರಿಯುವ ವಾಸನೆ ಬಂದರೆ ಸಾಕು, ಮಲ್ಲಾಜಮ್ಮನ ಹೊಟ್ಟೆ ಉರಿಯುತ್ತಿತ್ತು. ಇವತ್ತು ಆ ವಾಸನೆ ತನ್ನ ಒಲೆಯಿಂದಲೇ ಏಳಬೇಕೆಂದು ಹಟ ಹಿಡಿದು ಬಾಣಲೆ ಇಟ್ಟಿದ್ದಳು.

ಉಡಿಗಾಲದ ಮಠದ ಅಯ್ಯನವರು ಸೋಮವಾರ ಪೂಜೆ ಮುಗಿಸಿ ಕಾಪಿಗೆ ಬರುತ್ತಿದ್ದದ್ದು ಹಿರಿಸೊಸೆಯಾದ ಇವಳ ಮನೆಗೇ. ಮನೆ ಪಾಲಾಗಿ ಪಕ್ಕದ ಭಾಗಕ್ಕೆ ವಾರಗಿತ್ತಿ ಚಂದ್ರಮತಿ ಬಂದಳು, ಎಲ್ಲ ಕೆಟ್ಟಿತು. ಅವಳ ಅಣ್ಣ ಗುಂಡ್ಲುಪೇಟೆಯಿಂದ ಹಸಿಬೀಜ ತಂದುಕೊಡುತ್ತಿದ್ದ. "ಅಂಗ್ಡಿ ಪುಡೀಲಿ ಉಳಾನೂ ಸೇರ್ಸಿ ಬೀಸ್ಬುಡ್ತಾರೆ ಬುದ್ದಿ" ಎಂದು ಅಯ್ಯನವರ ಮುಂದೆ ಒಂದು ಮಾತು ಆಡಿದಳು ನೋಡಿ, ಲಿಂಗ ಕಟ್ಟಿದವರ ಬಾಯಿಗೆ ಹುಳವೇ? ಅಂದಿನಿಂದ ಅಯ್ಯನವರು ಅಂಗಡಿ ಪುಡಿ ಹಾಕುವ ಇವಳ ಹೊಸ್ತಿಲು ತುಳಿದಿರಲಿಲ್ಲ. ಗಂಡ ಪುಟ್ಟಬಸಪ್ಪನೂ ನಾಚಿಕೆಯಿಲ್ಲದೆ ತಮ್ಮನ ಜಗಲಿಯಲ್ಲೇ ಲೋಟ ಚಾಚುತ್ತಿದ್ದ.

ಮಲ್ಲಾಜಮ್ಮ ಯಾರಿಗೂ ಹೇಳದೆ ಸಂತೆಮರಹಳ್ಳಿ ಸಂತೆಯಿಂದ ಬೀಜ ತರಿಸಿದಳು. ಹುರಿಯುವುದೇನು ಬ್ರಹ್ಮವಿದ್ಯೆಯೇ? ಮೊರಕ್ಕೆ ಹಾಕಿ ಆರಿಸದೆ ನೇರ ಬಾಣಲೆಗೆ ಸುರಿದಳು. ಬೀಜ ಕೆಂಪೇರಿ ಗಮಲು ಎದ್ದಾಗ ಹಿಗ್ಗಿಹೋದಳು. ಬಗ್ಗಿ ನೋಡಿದರೆ ಬೀಜದ ತುಂಬ ಸೂಜಿ ಚುಚ್ಚಿದಂಥ ತೂತುಗಳು, ನಡುನಡುವೆ ಬೆಂದ ಹುಳಗಳು. ಪಾರಾದವು ಒಲೆಕಟ್ಟೆಯ ಮೇಲೆ ಹರಿದಾಡುತ್ತಿದ್ದವು. "ಅಯ್ಯೋ ಶಿವನೇ!" ಎಂದು ಬಾಣಲೆಯನ್ನು ಹಿತ್ತಲಿಗೆ ಒಯ್ದು ಸುರಿಯುವಷ್ಟರಲ್ಲಿ ಬೀದಿ ಬಾಗಿಲಲ್ಲಿ ಅಯ್ಯನವರ ದನಿ ಕೇಳಿಸಿತು.

"ಏನವ್ವಾ, ನೀವೂ ಮನೇಲೇ ಉರೀತಿದ್ದೀರಾ? ಗಮಲು ಬೀದಿಗಂಟ ಬಂದದೆ. ಇವತ್ತು ಇಲ್ಲೇ ಒಂದು ಲೋಟ ಕೊಡಿ."

ಮಲ್ಲಾಜಮ್ಮ ಖಾಲಿ ಬಾಣಲೆ ಹಿಡಿದು ತಿರುಗಿದಳು. ಹಿತ್ತಲ ಮೋಟುಗೋಡೆಯಾಚೆ ಚಂದ್ರಮತಿ ನಿಂತಿದ್ದಳು. ಚೆಲ್ಲಿದ ಬೀಜ ನೋಡಿದಳು, ಇವಳ ಮುಖ ನೋಡಿದಳು, ಒಳಗೆ ಹೋಗಿ ಡಬ್ಬಿ ತಂದಳು.

"ತಕ್ಕಳಿ ಅಕ್ಕ, ಈಗ ಬೀಸಿದ ಪುಡಿ" ಎಂದಳು ಮೆಲ್ಲಗೆ. "ಬುದ್ದಿಯೋರು ಕಾಯ್ತಾವ್ರೆ."

ಕೈ ಚಾಚುವುದಕ್ಕಿಂತ ಸಾಯುವುದೇ ವಾಸಿ ಅನ್ನಿಸಿತು. ಆದರೂ ಚಾಚಿದಳು.

ಅಯ್ಯನವರು ಒಂದು ಗುಟುಕು ಕುಡಿದು ಕಣ್ಣರಳಿಸಿದರು. "ಚಂದ್ರಮತವ್ವನ ಕಾಪಿಗಿಂತ ಇದು ಒಂದು ಕೈ ಮೇಲು ಕಣವ್ವಾ! ಇನ್ಮೇಲೆ ಸೋಮ್ವಾರ ಇಲ್ಲೇ."

ಹಿತ್ತಲಿಂದ ಹಿಂದೆಯೇ ಬಂದು ಬಾಗಿಲ ಮರೆಯಲ್ಲಿ ನಿಂತಿದ್ದ ಚಂದ್ರಮತಿ, "ದಿಟ ಬುದ್ದಿ, ಅಕ್ಕನ ಕೈಗುಣವೇ ಅಂಗೆ" ಎಂದಳು. ಬೈದಿದ್ದರೂ ಮಲ್ಲಾಜಮ್ಮನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಲೋಟ ತೊಳೆಯಲು ಒಳಗೆ ಬಂದಳು. ಒಲೆಕಟ್ಟೆಯಿಂದ ಹುಳವೊಂದು ನಡುಗೋಡೆ ಹತ್ತಿ ಚಂದ್ರಮತಿಯ ಅಡುಗೆಮನೆ ಕಡೆ ಹೊರಟಿತ್ತು. ಮಲ್ಲಾಜಮ್ಮ ಪೊರಕೆ ಎತ್ತಿಕೊಂಡಳು. ಮತ್ತೆ ಅದನ್ನು ಮೂಲೆಗಿಟ್ಟು, ಹುಳ ಆಚೆ ಇಳಿಯುವವರೆಗೂ ನೋಡುತ್ತ ನಿಂತಳು.