ಮೂರನೆಯ ಹಿಡಿ

“ಕೈ ಒಡ್ಡು ರತ್ನ, ಎಲ್ರೂ ಕಾಯ್ತಿದಾರೆ” ಎಂದು ಗಂಡನ ಅಕ್ಕ ಮಾರಕ್ಕ ಮಣ್ಣು ಹಿಡಿದು ಬಂದಾಗ, ಗಂಗರತ್ನಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮೈಸೂರು ರಸ್ತೆಯ ಸ್ಮಶಾನದಲ್ಲಿ ಹನುಮಂತಯ್ಯನವರನ್ನು ಗುಂಡಿಗೆ ಇಳಿಸಿಯಾಗಿತ್ತು. ಹೆಂಡತಿ ಮೂರು ಹಿಡಿ ಮಣ್ಣು ಹಾಕುವ ತನಕ ಬೇರೆಯವರು ಹಾಕುವಂತಿರಲಿಲ್ಲ. ಹನುಮಂತಯ್ಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು; ಮಣ್ಣಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣಗಿರುವ ನುಸಿ ಎಂದರೆ ಊಟ ಮರೆಯುತ್ತಿದ್ದ ಮನುಷ್ಯ. ಆ ನುಸಿಯನ್ನು ಒಮ್ಮೆ ಕಂಡದ್ದೇ ತಪ್ಪಾಗಿ, ಗಂಗರತ್ನಮ್ಮ ಹೂವಿನ ಕುಂಡಕ್ಕೂ ಕೈ ಹಾಕಿದವಳಲ್ಲ.

ಅವರ ಜೊತೆ ಪಾಠ ಮಾಡುತ್ತಿದ್ದ ವರದರಾಜ ಪಕ್ಕದಲ್ಲೇ ನಿಂತಿದ್ದ. ಗಂಗರತ್ನಮ್ಮ ಅವನತ್ತ ತಿರುಗಿದಳು.

“ನಿಜ ಹೇಳಿ. ಅವು ಇವ್ರನ್ನ ತಿಂತಾವಾ?”

“ಇಲ್ಲಕ್ಕ. ಹೆಚ್ಚಿನವು ಉದುರಿದ ಎಲೆ, ಬೂಷ್ಟು ತಿನ್ನೋವು.”

“ಹೆಚ್ಚಿನವು ಅಂದ್ರೆ? ಮಿಕ್ಕಿದ್ದು?”

ಸುಳ್ಳು ಹೇಳಲು ಬಾರದ ಬಡಪಾಯಿ, ತಲೆ ತಗ್ಗಿಸಿದ. ಗಂಗರತ್ನಮ್ಮ ಗುಂಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

*

ಎಪ್ಪತ್ತೆರಡರ ಒಂದು ಭಾನುವಾರ. ಹನುಮಂತಯ್ಯ ಲಾಲ್‌ಬಾಗಿನ ಮರದಡಿಯ ಮಣ್ಣನ್ನು ತಗಡಿನ ಆಲಿಕೆಗೆ ಸುರಿದು, ಮೇಲೆ ಬಲ್ಬು ಉರಿಸಿದ್ದರು. ಬಿಸಿಗೆ ಹೆದರಿ ಕೆಳಗಿಳಿದ ನುಸಿಗಳು ಬಾಟಲಿಗೆ ಬಿದ್ದಿದ್ದವು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವಳಿಗೆ ಎಂಟು ಕಾಲಿನ ಕರಿ ಜೀವವೊಂದು ಕಂಡು ಮೈ ಜುಮ್ಮೆಂದಿತು.

“ಹೂವು ಅನ್ನೋದೇ ಇಲ್ದಿದ್ದ ಕಾಲದಿಂದ ಇವೆ ಕಣೆ. ಕೆಲವು ಜಾತೀಲಿ ಗಂಡೇ ಇಲ್ಲ. ತಾಯಿಂದ ಮಗಳು, ಮಗಳಿಂದ ಮೊಮ್ಮಗಳು.”

“ಗಂಡಿಲ್ದೆ ಹೆಂಗ್ರೀ ಬಾಳ್ತಾವೆ?”

“ನಿನಗಿಂತ ಧೈರ್ಯವಾಗಿ” ಎಂದು ನಕ್ಕಿದ್ದರು.

*

“ರತ್ನ, ಹೊತ್ತಾಯ್ತು.”

ಅವಳು ಕೈ ಒಡ್ಡಿದಳು. ಮಣ್ಣು ತಣ್ಣಗಿತ್ತು, ಹಸಿಯಾಗಿತ್ತು. ಮೊದಲ ಹಿಡಿಯನ್ನು ಕಣ್ಣು ಮುಚ್ಚಿ ಹಾಕಿದಳು. ಎರಡನೆಯದನ್ನೂ ಹಾಕಿದಳು. ಮೂರನೆಯದನ್ನು ಹಿಡಿದಾಗ ಮಾತ್ರ ಮುಷ್ಟಿ ಬಿಗಿದುಕೊಂಡಳು. ಈಗ ಹೆದರಿಕೆ ನುಸಿಯದಲ್ಲ. ಇದೊಂದು ಬಿದ್ದರೆ ಮುಗಿಯಿತು, ಆಮೇಲೆ ಚಾಮರಾಜಪೇಟೆಯ ಆ ಮನೆಗೆ ತಾನೊಬ್ಬಳೇ ಹೋಗಬೇಕು.

“ಹಾಕಮ್ಮ.”

“ಆಗ್ತಿಲ್ಲ ಅತ್ಗೆ. ಭಯ ಆಗತ್ತೆ.”

ಮಾರಕ್ಕ ಬೆರಳು ಬಿಡಿಸಲು ನೋಡಿದಳು, ಆಗಲಿಲ್ಲ. ಕೊನೆಗೆ ಗುಂಡಿ ತೋಡಿದವನು ಸನಿಕೆ ಎತ್ತಿಕೊಂಡ.

ಹೊರಗಿನ ನಲ್ಲಿಯಲ್ಲಿ ಎಲ್ಲರೂ ಕೈಕಾಲು ತೊಳೆದರು. ಗಂಗರತ್ನಮ್ಮ ಎಡಗೈಯಿಂದ ನೀರು ಎರಚಿಕೊಂಡು ಕಾಲನ್ನಷ್ಟೇ ತೊಳೆದಳು. ಬಿಗಿಹಿಡಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಗೇಟು ದಾಟಿದಳು.