ಮೂವತ್ತನೆಯ ಜೋಡಿ ಕಣ್ಣು

ಏಳು ಮಹಡಿ ಹತ್ತಿದರೆ ಒಂದು ಪ್ರಯೋಗಾಲಯ, ಅದಕ್ಕೊಬ್ಬ ಮುಖ್ಯಸ್ಥರು, ಅವರಿಗೊಂದು ಮುದ್ದಿನ ಯಂತ್ರ. ಓದಿದ ಕಥೆಯ ಸಾರ ಹೇಳುವುದು ಯಂತ್ರದ ಕೆಲಸ. ಮನುಷ್ಯರು ಓದುವಾಗ ಕಣ್ಣು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸಿ ಕಲಿಸಿದರೆ ಅದಕ್ಕೂ ಬುದ್ಧಿ ಬಂದೀತೆಂದು ಮುಖ್ಯಸ್ಥರ ನಂಬಿಕೆ. ಓದಿಸುವ ಕಥೆಯನ್ನು ಕಂಡವರಿಂದ ಬರೆಸುವುದೇಕೆಂದು ತಾವೇ ಬರೆದಿದ್ದರು. ಇಪ್ಪತ್ತೊಂಬತ್ತು ಜನ ಅದನ್ನು ಎಲ್ಲೂ ಎಡವದೆ ಓದಿ ಮುಗಿಸಿದ್ದರು, ಔಷಧಿ ಡಬ್ಬಿಯ ಚೀಟಿ ಓದುವಷ್ಟೇ ಶ್ರದ್ಧೆಯಿಂದ.

"ನೋಡಮ್ಮಾ, ನನ್ನ ಶೈಲಿ ಅಂದ್ರೆ ಬೆಣ್ಣೆ!" ಎಂದು ಮುಖ್ಯಸ್ಥರು ತಮ್ಮ ಸಹಾಯಕಿಯೆದುರು ಬೀಗಿದರು.

ಓದಲು ಬರಬೇಕಿದ್ದ ಮೂವತ್ತನೆಯವನು ಕೈಕೊಟ್ಟ. ಮಾರನೆಯ ದಿನವೇ ಪ್ರದರ್ಶನ. ಮೂವತ್ತು ತುಂಬದಿದ್ದರೆ ತನ್ನ ಕೆಲಸ ಖಾಯಂ ಆಗುವ ಮಾತು ಅಲ್ಲಿಗೇ ಮುಗಿಯಿತೆಂದು ಹೆದರಿದ ಸಹಾಯಕಿ ಮನೆಯಿಂದ ಅಜ್ಜಿಯನ್ನೇ ಎಬ್ಬಿಸಿಕೊಂಡು ಬಂದಳು.

ಕಣ್ಣಿನ ಓಟ ಹಿಡಿಯುವ ಕ್ಯಾಮೆರಾದ ಮುಂದೆ ಗದ್ದವನ್ನು ಆನಿಕೆಯ ಮೇಲಿಡಿಸಿದಾಗ ಅಜ್ಜಿ, "ಇದೇನೇ, ಗಡ್ಡ ತೆಗೆಯೋಕೆ ಕೂರಿಸಿದೀಯಾ?" ಎಂದಳು.

"ಅಲ್ಲಾಡ್ಬೇಡಜ್ಜಿ, ಸುಮ್ನೆ ಓದು."

ಅಜ್ಜಿಯ ನೋಟ ಪಕ್ಕದ ಪರದೆಯಲ್ಲಿ ಕೆಂಪು ಚುಕ್ಕೆಯಾಗಿ ಸಾಗಿತು. ಎಂಟನೆಯ ಸಾಲು ತಲುಪಿದ್ದೇ ತಡ, ಎರಡನೆಯದಕ್ಕೆ ಹಾರಿತು. ಮತ್ತೆ ಎಂಟು, ಮತ್ತೆ ಎರಡು; ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುವವರ ಹಾಗೆ.

"ಪಾಪ, ವಯಸ್ಸಾಯ್ತು, ಅರ್ಥ ಆಗ್ತಿಲ್ಲ," ಎಂದರು ಮುಖ್ಯಸ್ಥರು. "ಅಳಿಸ್ಬಿಡು. ಇನ್ಯಾರದ್ದಾದ್ರೂ ಎರಡು ಸಲ ಹಾಕಿ ಮೂವತ್ತು ಮಾಡು."

"ಅಲ್ರೀ ಸಾಹೇಬ್ರೇ, ಎರಡನೇ ಸಾಲಲ್ಲಿ ಸತ್ತ ಅತ್ತೆ ಎಂಟನೇ ಸಾಲಲ್ಲಿ ಎದ್ದು ಬಂದು ನೀರು ಕೊಡ್ತಾಳೆ. ತಿರುಗಿ ನೋಡ್ಬಾರ್ದಾ?" ಎಂದಳು ಅಜ್ಜಿ.

"ಕಥೇಲಿ ಅದು ಮುಖ್ಯ ಅಲ್ಲಮ್ಮ."

"ಸತ್ತವಳಿಗೆ ಮುಖ್ಯ ಕಣಪ್ಪಾ."

ಮುಖ್ಯಸ್ಥರು ತಟ್ಟನೆ ಯಾವುದೋ ಸಭೆ ನೆನಪಾಗಿ ಹೊರಟುಹೋದರು.

ಸಹಾಯಕಿಯ ಬೆರಳು ಅಳಿಸುವ ಗುಂಡಿಯ ಮೇಲೆ ನಿಂತಿತು. ಚಿಕ್ಕಂದಿನಲ್ಲಿ ಅಜ್ಜಿ ಕಥೆಯ ನಡುವೆ ಬೇಕೆಂದೇ ರಾಜನನ್ನು ಸಾಯಿಸಿ, ಮರುಕ್ಷಣ ಊಟಕ್ಕೆ ಕೂರಿಸುತ್ತಿದ್ದಳು. ಆಗಲೂ ಮೊಮ್ಮಗಳು ಪ್ರಶ್ನಿಸದೆ "ಹೂಂ" ಎಂದರೆ ಅಂದಿನ ಕಥೆ ಅಲ್ಲಿಗೇ ಬಂದ್. ಇಲ್ಲಿ ಇಪ್ಪತ್ತೊಂಬತ್ತು ಜನ ಬರೀ ಹೂಂಗುಟ್ಟಿ ಹೋಗಿದ್ದರು! ಅವಳು ಅಳಿಸಲಿಲ್ಲ. ಯಂತ್ರಕ್ಕೆ ಕಲಿಸುವಾಗ ಎಲ್ಲರದಕ್ಕಿಂತ ಹೆಚ್ಚಿನ ತೂಕವನ್ನು ಅಜ್ಜಿಯ ಕಣ್ಣಿಗೇ ಕೊಟ್ಟಳು.

ಮಾರನೆಯ ದಿನ ಗಣ್ಯರ ಮುಂದೆ ಯಂತ್ರ ಕಥೆ ಓದಿತು. ಸಾರ ಹೇಳಲಿಲ್ಲ. "ಸತ್ತ ಅತ್ತೆ ನೀರು ಕೊಟ್ಟದ್ದು ಹೇಗೆ?" ಎಂದು ಪರದೆಯ ಮೇಲೆ ಕೇಳಿತು.

ಗಣ್ಯರು ಕಥೆಯ ಎರಡನೆಯ ಸಾಲಿಗೆ ಮರಳಿ ನೋಡಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. "ಆ ತಪ್ಪನ್ನ ನಾನು ಬೇಕಂತಲೇ ಇಟ್ಟಿದ್ದೆ. ಯಂತ್ರ ಹಿಡಿಯುತ್ತಾ ನೋಡೋಣ ಅಂತ. ಅಲ್ವೇನಮ್ಮಾ?"

ಎಲ್ಲರ ಕಣ್ಣೂ ಸಹಾಯಕಿಯತ್ತ ತಿರುಗಿತು.

"ಹೂಂ," ಎಂದಳು ಅವಳು.

ಕೆಲಸ ಖಾಯಂ ಆಯಿತು.