ರಂಜು ಕಲಿತ ಮಾತು

ಅದಲ್ಲ, ಅದೂ ಅಲ್ಲ, ಆ ನೀಲಿ ಬೈಕಿನ ಹಿಂದೆ ಕೂತಿರುವುದು ಯಾರದೋ ಹೂವಿನ ಮೂಟೆ, ಮಗುವಲ್ಲ, ಭಾನುವಾರದ ಸಂಜೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕಲ್ಪನಾ ಮತ್ತೆ ರಸ್ತೆ ನೋಡಿದಳು, ಹೊಸೂರು ಬಸ್ ಸ್ಟ್ಯಾಂಡಿನ ಎದುರು, ಜ್ಯೂಸ್ ಅಂಗಡಿಯ ನೆರಳಲ್ಲಿ, ಕೋರ್ಟು ಗೊತ್ತು ಮಾಡಿದ ಜಾಗದಲ್ಲಿ— ಶನಿವಾರ ಬೆಳಿಗ್ಗೆ ಅಪ್ಪ ಇಲ್ಲಿಂದ ಕರೆದುಕೊಂಡು ಹೋಗಬೇಕು, ಭಾನುವಾರ ಸಂಜೆ ಇಲ್ಲಿಗೇ ತಂದು ಬಿಡಬೇಕು, ವಾರ ಬಿಟ್ಟು ವಾರ, ಡೈರಿಯ ಹಾಲಿನ ಕ್ಯಾನ್ ಹೋಗಿ ಬಂದ ಹಾಗೆ, ಛೆ, ಕ್ಯಾನೇನೇ ಅದು, ನಿನ್ನ ಮಗಳು. ಇವತ್ತು ಏನೂ ಕೇಳಬಾರದು. ಹಸಿವಾ ಕಂದಾ, ಅಷ್ಟೇ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಕೋರ್ಟಿನ ಕೌನ್ಸೆಲರ್ ರಾಧಾಮಣಿ ಮೇಡಂ ಮೆಲ್ಲಗೇ ಹೇಳಿದ್ದರು, ಬಂದ ತಕ್ಷಣ ಪೊಲೀಸಿನವರ ಥರ ವಿಚಾರಣೆ ಮಾಡಬೇಡಿಮ್ಮಾ, ಏಳು ವರ್ಷದ ಮಗು, ನಿಮ್ಮ ಮುಖ ನೋಡಿಯೇ ಉತ್ತರ ಕಟ್ಟುತ್ತೆ. ಮುಖ ನೋಡಿಯೇ. ಜ್ಯೂಸ್ ಅಂಗಡಿಯ ಗಾಜಿನಲ್ಲಿ ತನ್ನ ಮುಖ ಕಂಡಿತು, ತರಗತಿಯಲ್ಲಿ ಮಕ್ಕಳ ಗಲಾಟೆ ನಿಲ್ಲಿಸುವಾಗಿನ ಅದೇ ಮುಖ, ನಗಬೇಕು, ಅವಳು ಇಳಿಯುವಾಗ ನಗುತ್ತಿರಬೇಕು, ಹಲ್ಲು ಕಾಣುವಷ್ಟಲ್ಲ, ಸುಮ್ಮನೆ. ಮುಂದಿನ ತಿಂಗಳು ಜಡ್ಜಮ್ಮ ಮತ್ತೆ ರಂಜುವನ್ನು ಒಬ್ಬಳನ್ನೇ ತಮ್ಮ ಕೋಣೆಯೊಳಗೆ ಕರೆಯುತ್ತಾರೆ, ಆಮೇಲೆ ಕೊನೆಯ ತೀರ್ಪು, ಯಾರ ಮನೆಯಲ್ಲಿ ಬೆಳೆಯಬೇಕು ಅನ್ನುವುದು, ಆಲಸನತ್ತದ ನಮ್ಮ ಮನೆಯಲ್ಲೋ ಗುಮ್ಮಳಾಪುರದ ಅವರ ತೋಟದಲ್ಲೋ, ಮತ್ತೆ ಒಳಗೆ, ಮತ್ತೆ ಆ ಬಾಗಿಲು ಮುಚ್ಚುತ್ತೆ, ಕೃಷ್ಣಗಿರಿ ಕೋರ್ಟಿನ ಆ ವರಾಂಡ, ಬೆಂಚಿನ ಆ ತುದಿಯಲ್ಲಿ ರಂಜುವಿನ ಅಪ್ಪ ಹರಿಕೃಷ್ಣ, ಈ ತುದಿಯಲ್ಲಿ ತಾನು, ನಡುವೆ ಅವನ ಅಮ್ಮ ಮುನಿರತ್ನಮ್ಮ ಸೆರಗಿನಲ್ಲಿ ಕಡ್ಲೆಕಾಯಿ ಬಿಡಿಸುತ್ತಾ, ಏನವ್ವಾ ಟೀಚರಮ್ಮಾ, ಎಲ್ಡು ದಿನ ಮಡಿಕಂಡ್ರೆ ಮಗೀನ ನಾವೇನ್ ತಿಂದ್ಬುಡ್ತೀವಾ, ಅವನು ಮಾತ್ರ ಸುಮ್ಮನೆ, ಹತ್ತು ವರ್ಷವೂ ಹಾಗೇ ಸುಮ್ಮನೆ, ಕೇಳಿದರೆ ಗುಲಾಬಿಗೆ ನೀರು ಬುಟ್ಟು ಬತ್ತೀನಿ ಅಂತ ಎದ್ದು ಹೋಗುವವನು, ಆ ಸುಮ್ಮನಿರುವುದನ್ನು ತಡೆಯಲಾರದೆ ತಾನೇ ಮಗುವನ್ನು ಎತ್ತಿಕೊಂಡು ಹೊರಟು ಬಂದದ್ದು— ಹಾರ್ನ್, ಫ್ಯಾಕ್ಟರಿ ಬಸ್ಸು, ಸರಿ ನಿಂತುಕೋ ಕಲ್ಪನಾ, ಚರಂಡಿಗೆ ಬಿದ್ದೀಯಾ.

ಮೊದಲ ಸಲ ಒಳಗೆ ಕರೆದಾಗ ತಪ್ಪಾದದ್ದು ಎಲ್ಲಿ. ಜಡ್ಜಮ್ಮ ತಮಿಳಿನವರು, ಮನೆಯಲ್ಲಿ ರಂಜು ಆಡುವುದು ಕನ್ನಡ, ಒಳಗೆ ಹೋಗಿ ತಡವರಿಸಿಬಿಟ್ಟರೆ ಅಂತ ಭಯ, ಅದಕ್ಕೇ ಅಲ್ಲವಾ ಹಿಂದಿನ ಸಂಜೆಯೆಲ್ಲ ಅಡುಗೆಮನೆಯಲ್ಲಿ ಕೂರಿಸಿಕೊಂಡು ಕಲಿಸಿದ್ದು, ಒಳ್ಳೆಯ ತಮಿಳಿನಲ್ಲಿ, ಪುಸ್ತಕದ ತಮಿಳಿನಲ್ಲಿ, ಅಮ್ಮನ ಜೊತೆಯೇ ಇರಲು ಇಷ್ಟಪಡುತ್ತೇನೆ, ನಾನ್ ಅಮ್ಮಾವುಡನ್ ಇರುಕ್ಕವೇ ವಿರುಂಬುಗಿರೇನ್, ಮರೆತರೆ ಮತ್ತೆ ಮೊದಲಿಂದ, ಒಗ್ಗರಣೆ ಸೀದರೂ ಮತ್ತೆ ಮೊದಲಿಂದ, ವರ್ಷಾ ವರ್ಷ ಶಾಲೆಯ ಮಕ್ಕಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡುವ ಕೈ ಇದು, ಅದಕ್ಕೆ ಬೇರೆ ದಾರಿ ಗೊತ್ತಿಲ್ಲ. ಒಳಗೆ ನಡೆದದ್ದನ್ನು ಆಮೇಲೆ ಹೇಳಿದವರು ರಾಧಾಮಣಿ ಮೇಡಂ. ನಿಮ್ಮ ಮಗಳು ನೆಟ್ಟಗೆ ನಿಂತಳಮ್ಮಾ, ಮದಿಪ್ಪಿರ್ಕುರಿಯ ನೀದಿಬದಿ ಅಮ್ಮಾ ಅವರ್ಗಳೇ ಅಂತ ಶುರು ಮಾಡಿದಳು, ಮಾನ್ಯ ನ್ಯಾಯಾಧೀಶರೇ ಅಂತ, ಎಲ್ಲ ಒಪ್ಪಿಸಿ ಕೊನೆಗೆ ನನ್ರಿ ವಣಕ್ಕಂ, ಧನ್ಯವಾದ ನಮಸ್ಕಾರ ಅಂತ ಹೇಳಿ ಕೈ ಮುಗಿದಳು. ಆ ಮೊದಲೂ ಆ ಕೊನೆಯೂ ತಾನು ಕಲಿಸಿದ್ದಲ್ಲ, ಆಣೆಗೂ ಅಲ್ಲ, ಬಾಯಿಪಾಠ ಮಾಡಿದ್ದೆಲ್ಲ ಹಾಗೇ ಶುರುವಾಗಿ ಹಾಗೇ ಮುಗಿಯುತ್ತೆ ಅಂದುಕೊಂಡು ಅವಳೇ ಸೇರಿಸಿದ್ದು, ಪಾಪ. ಜಡ್ಜಮ್ಮ ನಕ್ಕರಂತೆ. ಯಾರು ಕಲಿಸಿದ್ದು ಕಣ್ಣೂ. ಅಮ್ಮ. ಅಪ್ಪನ ಮನೇಲಿ ಏನಿದೆ. ಅಷ್ಟೇ ಸಾಕಾಯಿತು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕರು, ಕರುವಿನ ಒರಟು ನಾಲಿಗೆ, ಅಜ್ಜಿಯ ಮುದ್ದೆ, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿದ್ದು, ನಿಲ್ಲಲೇ ಇಲ್ಲವಂತೆ ಹುಡುಗಿ. ಆದೇಶದಲ್ಲಿ ಒಂದು ಸಾಲು, ಮಗುವಿಗೆ ತಾಯಿಯ ಕಡೆಯಿಂದ ಹೇಳಿಕೊಡಲಾಗಿದೆ. ಟೀಚರಿಗೆ ಬಂದ ಶರಾ. ವರಾಂಡದಲ್ಲಿ ಹರಿಕೃಷ್ಣ ಅವತ್ತು ಮೊದಲ ಸಲ ಬಾಯಿ ಬಿಟ್ಟ, ನಂಗೂ ಕಲ್ಸ್ಕೊಟ್ಟಿದ್ರೆ ಆಯ್ತಿತ್ತಲ್ಲಮ್ಮೀ, ನಾನೂ ಹಂಗೇ ಒಪ್ಪಿಸ್ಬುಡ್ತಿದ್ದೆ— ಅದು ಅಣಕವೋ ದುಃಖವೋ, ಇನ್ನೂ ಬಗೆಹರಿಯಲಿಲ್ಲ.

ಆಮೇಲೂ ಬುದ್ಧಿ ಬಂತಾ, ಇಲ್ಲ. ಹೋದ ಸಲ ಇದೇ ನೆರಳಲ್ಲಿ ಬ್ಯಾಗು ಇಳಿಸುವ ಮೊದಲೇ ಕೇಳಿದ್ದು ತಾನೇ, ಅಪ್ಪ ಏನಂದ, ಅಜ್ಜಿ ಬೈದಳಾ, ರಂಜು ಒಂದು ಗಳಿಗೆ ಅಮ್ಮನ ಮುಖವನ್ನೇ ನೋಡಿ, ಅಜ್ಜಿ ಬೈದ್ರು, ಅಪ್ಪ ಊಟ ಹಾಕ್ಲಿಲ್ಲ, ನಂಗೆ ಅಲ್ಲಿ ಬೇಡ ಅಂದಳು, ಎದೆ ಹಿಗ್ಗಿತು, ಹೌದು ಹಿಗ್ಗಿತು, ಹಿಗ್ಗಿನಲ್ಲಿ ಬಾಚಿ ತಬ್ಬಿಕೊಂಡರೆ ತಲೆಯಲ್ಲಿ ಹರಳೆಣ್ಣೆಯ ಘಮ, ಬಿಗಿಯಾಗಿ ಹೆಣೆದ ಜಡೆ, ಜಡೆ ತುಂಬ ಕನಕಾಂಬರ, ಫ್ರಾಕಿನ ಮೇಲೆ ಮಾವಿನ ರಸ, ಬಾಯಲ್ಲಿ ತುಪ್ಪದ ತೇಗು. ಆದರೂ ಹೌದಾ ಕಂದಾ ಅಂದದ್ದು ತಾನೇ. ಚಾಕೊಲೇಟ್ ಕೊಡಿಸಿದ್ದೂ ತಾನೇ.

ಬಂದರು. ಸಿಗ್ನಲ್ಲಿನಲ್ಲಿ, ಕೆಂಪು ಬಿದ್ದಿದೆ, ಲಾರಿಯ ಪಕ್ಕ ಅವನ ಬೈಕು, ಅವನು ದೀಪವನ್ನೇ ನೋಡುತ್ತಿದ್ದಾನೆ, ಅವನ ಬೆನ್ನಿಗಂಟಿಕೊಂಡು ರಂಜು, ಮುಖ ಈ ಕಡೆ, ತುಟಿ ಆಡುತ್ತಿದೆ. ಅವನ ಜೊತೆ ಮಾತಾ, ಅವನು ತಿರುಗುತ್ತಿಲ್ಲ. ಹಾಡಾ. ಹಾಡಾದರೆ ಕಾಲಾಡಿಸುತ್ತಾಳೆ, ಕಾಲು ನಿಂತಿದೆ. ಕಲಿಸಿದ್ದಾನೆ, ಅವನೇ ಏನೋ ಕಲಿಸಿದ್ದಾನೆ, ಫೋನ್ ತೆಗಿ, ಸಾಕ್ಷಿ ಇದ್ದರೆ ಹಿಡಿದಿಟ್ಟುಕೊಳ್ಳಿ ಅಂದಿದ್ದರಲ್ಲ ವಕೀಲರು, ತೆಗೆದಳು, ಬೆರಳಿಂದ ಹಿಗ್ಗಿಸಿದಳು, ಪರದೆಯ ತುಂಬ ಆ ಪುಟ್ಟ ಬಾಯಿ— ಊ, ಟ, ತುಟಿ ಮುಂದೆ ಬಂತು, ಹಿಂದೆ ಸರಿಯಿತು, ಊಟ ಹಾಕ್ಲಿಲ್ಲ— ಅವನು ಕಲಿಸಿದ್ದಲ್ಲ. ರಂಜುವಿಗೆ ಅಮ್ಮ ಕಂಡಳು, ಕಂಡದ್ದಕ್ಕೆ ಮಗು ನಗಲಿಲ್ಲ, ಇನ್ನಷ್ಟು ಅವಸರದಲ್ಲಿ ತುಟಿ ಆಡಿಸಿದಳು, ಎಲ್ಲೋ ತಪ್ಪಿತು, ಕಣ್ಣು ಮೇಲೆ ಹೋಯಿತು, ಹುಡುಕಿತು, ಕೆಳಗಿಳಿಯಿತು, ಮತ್ತೆ ಮೊದಲಿಂದ, ಹಸಿರು ಬೀಳಬಾರದು, ಬೈಕು ಹೊರಡಬಾರದು, ಹಸಿವಾ ಕಂದಾ ಅಂತ ಕೇಳುವುದು ಕೂಡ ಈಗ ಪಾಠ ಒಪ್ಪಿಸು ಅಂದ ಹಾಗೆ— ತುಟಿ ಆಡುತ್ತಿದೆ, ಕಣ್ಣು ಮೇಲೆ ಹೋಗುತ್ತದೆ, ಕೆಳಗಿಳಿಯುತ್ತದೆ, ತುಟಿ ಆಡುತ್ತಿದೆ, ಕಣ್ಣು ಮೇಲೆ